ಕಲ್ಲಿನೊಳಗಿನ ಎಣ್ಣೆ, ಕಲ್ಲಿನೊಳಗಿನ ನೀರು



ಅಡಿಗೆಮನೆಯಲ್ಲಿ ಅನಿಲದ ಒಲೆ ಹೊತ್ತಿಸುವ ತಾಯಂದಿರಿಂದ ಮೊದಲ್ಗೊಂಡು ಟ್ರಾಕ್ಟರಿಗೆ ಡೀಸೆಲ್ ತುಂಬಿಸುವ ರೈತಬಾಂಧವರವರೆಗೆ ಈ ಅಂಕಣದ ವಾಚಕರೆಲ್ಲರೂ ದಿನವೂ ಭೂಗರ್ಭದ ಸೊತ್ತನ್ನು ಬಳಸುತ್ತಿರುವವರೇ. ಆದರೆ ಆ ಸೊತ್ತು ನೆಲದೊಳಗೆ ಯಾವ ರೀತಿಯಲ್ಲಿ ಇರುತ್ತದೆಂದು ಕೇಳಿದರೆ ಬಹುಮಂದಿ ಕೊಡುವ ಉತ್ತರ ಒಂದೇ: ಕೆಳಗೆಲ್ಲೋ ಎಣ್ಣೆಯ ಕೆರೆಯಿದೆ, ಅದಕ್ಕೆ ಕೊಳವೆಯಿಳಿಸಿ ಸೇದುತ್ತಾರೆ. ನಮ್ಮ ಶಾಲೆಯ ಮಕ್ಕಳೂ ಹಾಗೆಯೇ ನಂಬಿದ್ದಾರೆ. ಅವರನ್ನು ಕರೆತಂದು ಬಿಡುವ ಹಿರಿಯರೂ ಹಾಗೆಯೇ ನಂಬಿದ್ದಾರೆ. ನೀರಿನ ವಿಷಯದಲ್ಲಿಯೂ ಇದೇ ನಂಬಿಕೆ ಬೇರೂರಿದೆ. ನೆಲದಡಿಯಲ್ಲಿ ಗಂಗಮ್ಮ ಹರಿಯುತ್ತಿದ್ದಾಳೆ, ಸಾಕಷ್ಟು ಆಳಕ್ಕೆ ಹೋದವನಿಗೆ ಅವಳು ಒಲಿದೇ ಒಲಿಯುತ್ತಾಳೆ ಎನ್ನುತ್ತಾರೆ. ಎಣ್ಣೆಯ ಕೆರೆಯೆಂಬ ಕಲ್ಪನೆಯಿಂದ ನಮಗಾರಿಗೂ ನಷ್ಟವಿಲ್ಲ. ನೀರಿನ ಹೊಳೆಯೆಂಬ ಕಲ್ಪನೆಯಿಂದ ಮಾತ್ರ ನಮ್ಮ ರೊದ್ದಂ, ಪೆನುಕೊಂಡ, ಹಿಂದೂಪುರ, ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಹೊಲಗಳೂ ಒಡವೆಗಳೂ ಕರಗಿಹೋಗಿವೆ. ಆದುದರಿಂದ ಈ ತಿಂಗಳು ನಾವು ಎಣ್ಣೆಯ ಕಥೆಯನ್ನು ಹೇಳಲು ಹೊರಟಿದ್ದೇವೆ. ಅದರ ಕೊನೆಯಲ್ಲಿ ನಮ್ಮ ಬಾವಿಗಳ ಕಥೆ ತಾನಾಗಿಯೇ ಬರುತ್ತದೆ.

ಪೆಟ್ರೋಲಿಯಂ ಎಂಬ ಹೆಸರಿನಲ್ಲಿಯೇ ಅರ್ಧ ಪಾಠ ಅಡಗಿದೆ. ಲ್ಯಾಟಿನ್ ಭಾಷೆಯಲ್ಲಿ ಪೆಟ್ರಾ ಎಂದರೆ ಕಲ್ಲು, ಓಲಿಯಂ ಎಂದರೆ ಎಣ್ಣೆ. ಕನ್ನಡದ ಶಿಲಾತೈಲ, ಕಲ್ಲೆಣ್ಣೆ ಎಂಬ ಮಾತುಗಳ ಅರ್ಥವೂ ಅದೇ. ಕಲ್ಲಿನ ಕಣಕಣಗಳ ನಡುವಣ ಸಂದುಗಳಲ್ಲಿ, ಕಣ್ಣಿಗೆ ಕಾಣಿಸದಷ್ಟು ಸಣ್ಣ ರಂಧ್ರಗಳಲ್ಲಿ, ಈ ಎಣ್ಣೆ ತುಂಬಿಕೊಂಡಿರುತ್ತದೆ. ಎಣ್ಣೆ ಹೀರಿಕೊಂಡ ಹಣತೆಯ ಮಣ್ಣನ್ನು ನೆನೆದರೆ ಅದರ ಸ್ಥಿತಿ ಹೆಚ್ಚುಕಡಿಮೆ ತಿಳಿಯುತ್ತದೆ.

ಕಲ್ಲಿನೊಳಗೆ ಅಷ್ಟೊಂದು ಸ್ಥಳವೆಲ್ಲಿದೆ ಎಂದು ಸಂದೇಹಪಡುವವರು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಸೇರಿನ ತುಂಬ ಕಡಲೆಕಾಯಿ ಬೀಜವನ್ನು ಅಳೆಯಿರಿ. ಸೇರು ತುಂಬಿತು, ಇನ್ನು ಒಂದು ಬೀಜಕ್ಕೂ ಎಡೆಯಿಲ್ಲ. ಈಗ ಅದರ ಮೇಲೆ ಮೆಲ್ಲನೆ ರಾಗಿಯನ್ನು ಸುರಿಯುತ್ತ ಸೇರನ್ನು ತಟ್ಟಿರಿ. ಹಿಡಿ ಹಿಡಿಯಾಗಿ ರಾಗಿ ಒಳಗಿಳಿಯುತ್ತದೆ. ರಾಗಿಯೂ ತುಂಬಿದ ಮೇಲೆ ನೀರು ಹನಿಸಿದರೆ ಅದಕ್ಕೂ ಜಾಗವುಂಟು. ನದಿ ತಂದು ಹಾಕಿದ ಮರಳು ಕಾಲಾಂತರದಲ್ಲಿ ಬಿಗಿದು ಮರಳುಗಲ್ಲಾದಾಗಲೂ ಕಣಗಳ ನಡುವಣ ಸಂದುಗಳಲ್ಲಿ ಎಷ್ಟೋ ಪಾಲು ಹಾಗೆಯೇ ಉಳಿದಿರುತ್ತವೆ. ಒಳ್ಳೆಯ ಮರಳುಗಲ್ಲಿನ ನೂರು ಪಾಲಿನಲ್ಲಿ 10ರಿಂದ 30 ಪಾಲು ಬರಿಯ ಸಂದು. ಇದಕ್ಕೆ ಶಾಸ್ತ್ರದಲ್ಲಿ ರಂಧ್ರತೆ ಎಂದು ಹೆಸರು. ಇನ್ನೊಂದು ಪ್ರಯೋಗ: ಒಣಗಿದ ಒಂದು ಇಟ್ಟಿಗೆಯನ್ನೂ ನಮ್ಮ ಬೆಟ್ಟದ ಗಟ್ಟಿ ಕಲ್ಲಿನ ಒಂದು ತುಂಡನ್ನೂ ತೂಗಿ, ಒಂದು ದಿನ ನೀರಿನಲ್ಲಿ ನೆನೆಸಿ, ಒರೆಸಿ ಮತ್ತೆ ತೂಗಿರಿ. 3 ಕಿಲೋ ತೂಕದ ಇಟ್ಟಿಗೆ ಕೆಲವು ನೂರು ಗ್ರಾಂ ನೀರನ್ನು ಕುಡಿದಿರುತ್ತದೆ. ಬೆಟ್ಟದ ಕಲ್ಲಿನ ತೂಕದಲ್ಲಿ ಅಂಗಡಿಯ ತಕ್ಕಡಿಗೆ ತಿಳಿಯುವಂಥ ವ್ಯತ್ಯಾಸವೇ ಇರುವುದಿಲ್ಲ. ಈ ಎರಡನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ನಮಗೆ ಬೇಕಾಗುತ್ತದೆ.

ರಂಧ್ರಗಳಿದ್ದ ಮಾತ್ರಕ್ಕೆ ಸಾಲದು. ಅವು ಒಂದಕ್ಕೊಂದು ಕೂಡಿಕೊಂಡು ದಾರಿಯಾಗಿರಬೇಕು. ಜೇಡಿಮಣ್ಣಿನಲ್ಲಿ ಮರಳಿಗಿಂತಲೂ ಹೆಚ್ಚು ಸಂದುಗಳಿರುತ್ತವೆ. ಆದರೆ ಅವು ಅತಿ ಸೂಕ್ಷ್ಮವಾದುದರಿಂದ ನೀರು ಅಲ್ಲಿ ಸಿಕ್ಕಿಬಿದ್ದು ಮುಂದಕ್ಕೆ ಹರಿಯಲಾರದು. ಕೆರೆಯ ಏರಿಯ ನಡುವೆ ನಮ್ಮ ಹಿರಿಯರು ಜೇಡಿಯನ್ನು ತುಳಿಸಿ ತುಂಬಿದ್ದು ಇದಕ್ಕಾಗಿಯೇ. ಕಲ್ಲು ತನ್ನ ಮೂಲಕ ದ್ರವವನ್ನು ಎಷ್ಟು ಸಲೀಸಾಗಿ ಹರಿಯಗೊಡುತ್ತದೆಂಬ ಗುಣಕ್ಕೆ ಪಾರಗಮ್ಯತೆ ಎನ್ನುತ್ತಾರೆ. ಇದರ ನಿಯಮವನ್ನು 1856ರಲ್ಲಿ ಪ್ರಕಟಿಸಿದವನು ಫ್ರಾನ್ಸ್ ದೇಶದ ಹೆನ್ರಿ ಡಾರ್ಸಿ ಎಂಬ ಇಂಜಿನಿಯರು. ಅವನ ಕೆಲಸ ಎಣ್ಣೆಯದಲ್ಲ. ದಿಜೋನ್ ನಗರಕ್ಕೆ ಕುಡಿಯುವ ನೀರನ್ನು ಒದಗಿಸುವುದು. ಮರಳಿನ ಮೂಲಕ ನೀರು ಸೋಸುವುದನ್ನು ಅಳೆದು ಅವನು ಕಂಡುಕೊಂಡ ನಿಯಮವನ್ನೇ ಇಂದಿಗೂ ಎಣ್ಣೆಯ ಇಂಜಿನಿಯರುಗಳು ಬಳಸುತ್ತಾರೆ, ಅಳತೆಯ ಮಾನಕ್ಕೂ ಅವನ ಹೆಸರನ್ನೇ ಇಟ್ಟಿದ್ದಾರೆ. ನೆಲದಡಿಯ ಎಣ್ಣೆಗೂ ನೀರಿಗೂ ಶಾಸ್ತ್ರ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಎಣ್ಣೆ ಹುಟ್ಟುವ ಬಗೆ. ಸಮುದ್ರಗಳಲ್ಲಿಯೂ ದೊಡ್ಡ ಸರೋವರಗಳಲ್ಲಿಯೂ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳೂ ಜೀವಿಗಳೂ ಕೋಟ್ಯನುಕೋಟಿಯಾಗಿ ತೇಲಾಡುತ್ತಿರುತ್ತವೆ. ಅವು ಸತ್ತು ತಳಕ್ಕೆ ಬೀಳುತ್ತವೆ. ಸಾಮಾನ್ಯವಾಗಿ ಕೊಳೆತು ಇಲ್ಲವಾಗುತ್ತವೆ. ಆದರೆ ತಳದ ಕೆಸರಿನಲ್ಲಿ ಪ್ರಾಣವಾಯುವಿನ ಅಭಾವವಿದ್ದರೆ ಪೂರ್ತಿ ಕೊಳೆಯದೆ ಕೆಸರಿನಲ್ಲಿ ಬೆರೆತು ಉಳಿಯುತ್ತವೆ. ಅದರ ಮೇಲೆ ಮತ್ತೆ ಕೆಸರು, ಮತ್ತೆ ಮರಳು, ಪದರದ ಮೇಲೆ ಪದರ. ಲಕ್ಷಾಂತರ ವರ್ಷಗಳಲ್ಲಿ ಆ ಕೆಸರು ಕಿಲೋಮೀಟರುಗಟ್ಟಲೆ ಆಳಕ್ಕೆ ಹೂತುಹೋಗುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಶಾಖ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಸುಮಾರು 60ರಿಂದ 120 ಡಿಗ್ರಿಯ ನಡುವೆ ಆ ಜೈವಿಕ ಪದಾರ್ಥ ಬೆಂದು ಎಣ್ಣೆಯಾಗುತ್ತದೆ. ಅದಕ್ಕಿಂತ ಹೆಚ್ಚು ಶಾಖ ತಗಲಿದರೆ ಎಣ್ಣೆಯೂ ಒಡೆದು ಅನಿಲವಾಗುತ್ತದೆ. ಕಡಿಮೆಯಾದರೆ ಹಾಗೆಯೇ ಹಸಿಯಾಗಿ ಉಳಿಯುತ್ತದೆ. ಈ ಅಡಿಗೆಗೆ ಹದವಾದ ಬೆಂಕಿಯೂ ಬೇಕು, ಲಕ್ಷ ಕೋಟಿ ವರ್ಷಗಳಲ್ಲಿ ಎಣಿಸುವ ತಾಳ್ಮೆಯೂ ಬೇಕು.

ಹೀಗೆ ಎಣ್ಣೆ ಹುಟ್ಟಿದ ಶಿಲೆ ಬಿಗಿಯಾದ ಜೇಡಿಶಿಲೆ. ಗಾಣದಲ್ಲಿ ಕಡಲೆಬೀಜ ನುಲಿಯುವಂತೆ ಮೇಲಿನ ಭಾರವು ಅದನ್ನು ಹಿಂಡುತ್ತದೆ. ಎಣ್ಣೆ ಹೊರಕ್ಕೆ ಜಿನುಗುತ್ತದೆ. ಪಕ್ಕದಲ್ಲಿ ಮರಳುಗಲ್ಲೋ ರಂಧ್ರಗಳುಳ್ಳ ಸುಣ್ಣದ ಕಲ್ಲೋ ಇದ್ದರೆ ಅದರೊಳಗೆ ಸೇರುತ್ತದೆ. ಅಲ್ಲಿಯ ರಂಧ್ರಗಳಲ್ಲಿ ಮೊದಲೇ ನೀರು, ಅದೂ ಬಹುಮಟ್ಟಿಗೆ ಉಪ್ಪುನೀರು, ತುಂಬಿರುತ್ತದೆ. ಎಣ್ಣೆ ನೀರಿಗಿಂತ ಹಗುರ. ಆದುದರಿಂದ ರಂಧ್ರದಿಂದ ರಂಧ್ರಕ್ಕೆ ತೂರುತ್ತ ಮೇಲುಮೇಲಕ್ಕೆ ಏರುತ್ತದೆ. ತಡೆಯುವವರಿಲ್ಲದಿದ್ದರೆ ನೆಲದ ಮೇಲ್ಮೈವರೆಗೂ ಬಂದು ಒಸರಿ, ಗಾಳಿಗೆ ಕೆಟ್ಟು ವ್ಯರ್ಥವಾಗುತ್ತದೆ. ಭೂಮಿಯಲ್ಲಿ ಹುಟ್ಟಿದ ಎಣ್ಣೆಯಲ್ಲಿ ಬಹುಪಾಲಿನ ಗತಿ ಇದೇ. ಅಸ್ಸಾಮಿನ ಡಿಗ್ಬೋಯಿಯ ಕಾಡಿನಲ್ಲಿ ಇಂಥ ಒಸರನ್ನು ಕಂಡೇ 1889ರಲ್ಲಿ ಬಾವಿ ಕೊರೆಯತೊಡಗಿದರು. 662 ಅಡಿಯ ಆ ಬಾವಿ 1890ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಮುಂಚೆ, 1859ರ ಆಗಸ್ಟ್ 27ರಂದು, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಎಂಬವನು ಕೊರೆಸಿದ ಪ್ರಸಿದ್ಧ ಬಾವಿಯಲ್ಲಿ ಎಣ್ಣೆ ಕಂಡದ್ದು ಸುಮಾರು 69 ಅಡಿಯಲ್ಲಿ. ನಮ್ಮ ಹೊಲಗಳ ಬೋರುಗಳು ಅದಕ್ಕಿಂತ ಹತ್ತು ಹನ್ನೆರಡು ಪಟ್ಟು ಆಳ. ಆಳವೊಂದೇ ಸಂಪತ್ತನ್ನು ಕೊಡುವುದಾಗಿದ್ದರೆ ಡ್ರೇಕನಿಗಿಂತ ನಾವೇ ಧನಿಕರಾಗಬೇಕಿತ್ತು!

ಮೇಲೇರುವ ಎಣ್ಣೆ ನಿಲ್ಲಬೇಕಾದರೆ ಎರಡು ಸಂಗತಿಗಳು ಬೇಕು. ಒಂದು, ಮೇಲೆ ಬಿಗಿಯಾದ ಮುಚ್ಚಳ: ರಂಧ್ರಗಳುಳ್ಳ ಶಿಲೆಯ ಮೇಲೆ ಎಣ್ಣೆಯನ್ನು ಹಾಯಗೊಡದ ಜೇಡಿಶಿಲೆಯ ಅಥವಾ ಉಪ್ಪಿನ ಪದರ. ಎರಡು, ಆ ಮುಚ್ಚಳ ಬೋರಲು ಹಾಕಿದ ಬಟ್ಟಲಿನಂತೆ ಮೇಲಕ್ಕೆ ಉಬ್ಬಿರಬೇಕು, ಅಥವಾ ನೆಲದ ಬಿರುಕಿನಿಂದ ಪದರಗಳು ಸರಿದು ಎಣ್ಣೆಯ ದಾರಿಗೆ ಗೋಡೆ ಕಟ್ಟಿರಬೇಕು. ಮುಚ್ಚಳ ಓರೆಯಾಗಿ ಸಾಗುತ್ತಿದ್ದರೆ ಎಣ್ಣೆ ಅದರ ಅಡಿಯಲ್ಲಿಯೇ ಜಾರುತ್ತ ಮುಂದೆ ಹೋಗಿಬಿಡುತ್ತದೆ. ಇಂತಹ ಎಡೆಗಳನ್ನು ಬೋನು ಎಂದೇ ಕರೆಯುತ್ತಾರೆ.

ಇದನ್ನೂ ಮಕ್ಕಳಿಗೆ ತೋರಿಸಬಹುದು. ಒಂದು ಬಕೆಟ್ಟಿನ ನೀರಿನಲ್ಲಿ ಗಾಜಿನ ಲೋಟವನ್ನು ಮುಳುಗಿಸಿ, ಒಳಗಿನ ಗಾಳಿಯೆಲ್ಲ ಹೋದ ಮೇಲೆ ನೀರಿನೊಳಗೇ ಬೋರಲಾಗಿ ಹಿಡಿಯಿರಿ. ಫಿಲ್ಲರಿನಿಂದ ಅದರ ಬಾಯ ಕೆಳಗೆ ಎಣ್ಣೆಯ ಹನಿಗಳನ್ನು ಬಿಡಿರಿ. ಹನಿಗಳು ಏರಿ ಲೋಟದ ತಲೆಯಲ್ಲಿ ಸೇರುತ್ತವೆ. ಈಗ ಕೊಳವೆಯಿಂದ ಗಾಳಿಯೂದಿದರೆ ಗಾಳಿ ಎಣ್ಣೆಯನ್ನು ಕೆಳಕ್ಕೊತ್ತಿ ತಾನು ಮೇಲೆ ನಿಲ್ಲುತ್ತದೆ. ಮೇಲೆ ಅನಿಲ, ನಡುವೆ ಎಣ್ಣೆ, ಕೆಳಗೆ ನೀರು: ಭೂಗರ್ಭದ ಬೋನಿನಲ್ಲಿಯೂ ಇದೇ ಕ್ರಮ. ವ್ಯತ್ಯಾಸವಿಷ್ಟೇ, ಅಲ್ಲಿ ಲೋಟ ಖಾಲಿಯಾಗಿರದೆ ಮರಳುಗಲ್ಲಿನಿಂದ ತುಂಬಿರುತ್ತದೆ. ಲೋಟವನ್ನು ಸಾಕಷ್ಟು ಓರೆಮಾಡಿದರೆ ಸೇರಿದ್ದೆಲ್ಲ ಜಾರಿಹೋಗುವುದನ್ನೂ ಮಕ್ಕಳು ನೋಡಲಿ.

ಇಷ್ಟಾದರೂ ಸಾಲದು. ಬೋನು ಸಿದ್ಧವಾಗಿ ಕಾಯುತ್ತಿರುವಾಗಲೇ ಎಣ್ಣೆ ಬರಬೇಕು. ಎಣ್ಣೆ ಹರಿದುಹೋದ ಮೇಲೆ ಪದರಗಳು ಉಬ್ಬಿದರೆ, ಮದುವೆ ಮುಗಿದ ಮೇಲೆ ಚಪ್ಪರ ಹಾಕಿದಂತಾಗುತ್ತದೆ. ಹುಟ್ಟುವ ಶಿಲೆ, ಹದವಾದ ಶಾಖ, ಸೇರಿಸಿಕೊಳ್ಳುವ ಶಿಲೆ, ಮುಚ್ಚುವ ಶಿಲೆ, ಉಬ್ಬಿದ ಬೋನು, ಸರಿಯಾದ ಕಾಲ: ಇವುಗಳಲ್ಲಿ ಒಂದು ತಪ್ಪಿದರೂ ಉಳಿದವೆಲ್ಲ ನಿಷ್ಫಲ. ಆದುದರಿಂದಲೇ ಎಣ್ಣೆ ಜಗತ್ತಿನಲ್ಲಿ ಅಲ್ಲಲ್ಲಿ ಮಾತ್ರ ಇದೆ. ನಮ್ಮ ದೇಶ ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗೂ ಮಿಕ್ಕಿ ಹೊರಗಿನಿಂದ ತರಿಸುತ್ತಿದೆ.

ಆ ಎಲ್ಲ ಸಂಗತಿಗಳೂ ಕೂಡಿಬಂದ ಒಂದು ಸ್ಥಳ ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ಸಮುದ್ರದಲ್ಲಿದೆ. 1974ರಲ್ಲಿ ‘ಸಾಗರ್ ಸಮ್ರಾಟ್’ ಎಂಬ ಕೊರೆಯುವ ನೌಕೆ ಅಲ್ಲಿ ಎಣ್ಣೆಯನ್ನು ಕಂಡಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಬಾಂಬೆ ಹೈ ಎಂದು ಹೆಸರಾದ ಅಲ್ಲಿ ಎಣ್ಣೆಯನ್ನು ಹಿಡಿದಿಟ್ಟಿರುವುದು ಮುಖ್ಯವಾಗಿ ಸುಣ್ಣದ ಕಲ್ಲು, ಮುಚ್ಚಿರುವುದು ಜೇಡಿಶಿಲೆ, ಆಕಾರ ಬೋರಲು ಹಾಕಿದ ಬಟ್ಟಲು.

ನಮ್ಮ ಆಂಧ್ರಪ್ರದೇಶದಲ್ಲಿಯೂ ಅಂಥ ಭಾಗ್ಯವಂತ ನೆಲವಿದೆ. ಗೋದಾವರಿ ಕೃಷ್ಣೆಯರು ಕೋಟ್ಯಂತರ ವರ್ಷಗಳಿಂದ ತಂದು ಸುರಿದ ಮರಳು ಕೆಸರುಗಳು ಕರಾವಳಿಯಲ್ಲಿ ಕಿಲೋಮೀಟರುಗಟ್ಟಲೆ ದಪ್ಪಕ್ಕೆ ಪೇರಿಕೊಂಡಿವೆ. ಕೃಷ್ಣೆಯೂ ತುಂಗಭದ್ರೆಯೂ ಕನ್ನಡ ನಾಡಿನಲ್ಲಿ ಹಾದು ಬಂದವರಾದುದರಿಂದ ಆ ಮರಳಿನಲ್ಲಿ ಕನ್ನಡದ ಬೆಟ್ಟಗಳ ಪಾಲೂ ಇದೆ ಎಂದು ನಾವು ಹೇಳಿಕೊಳ್ಳಬಹುದು. ಅಲ್ಲಿ ನೆಲದ ಮೇಲೂ ಸಮುದ್ರದಲ್ಲೂ ಎಣ್ಣೆ, ಅನಿಲ ಎರಡೂ ದೊರೆತಿವೆ. ಆ ಬೋನಿನೊಳಗಿನ ಒತ್ತಡ ಎಂತಹುದೆಂಬುದನ್ನು ಕೋನಸೀಮೆಯ ಪಾಸರ್ಲಪೂಡಿ ಗ್ರಾಮದವರು ಕಣ್ಣಾರೆ ಕಂಡಿದ್ದಾರೆ. 1995ರ ಜನವರಿ 8ರಂದು ಅಲ್ಲಿ ಕೊರೆಯುತ್ತಿದ್ದ ಬಾವಿಯಿಂದ ಅನಿಲ ಚಿಮ್ಮಿ ಹೊತ್ತಿಕೊಂಡ ಜ್ವಾಲೆ ಎರಡು ತಿಂಗಳಿಗೂ ಮಿಕ್ಕಿ ಉರಿಯಿತು. ಎಷ್ಟೋ ಕಾಲದಿಂದ ಮುಚ್ಚಳದಡಿಯಲ್ಲಿ ಅದುಮಿಟ್ಟಿದ್ದ ಶಕ್ತಿಗೆ ಒಂದು ಗೇಣಿನ ದಾರಿ ಸಿಕ್ಕರೆ ಇಷ್ಟು ಅನಾಹುತ.

ಅದೇ ಕರಾವಳಿಯ ಆಳಸಮುದ್ರದಲ್ಲಿ 2002ರಲ್ಲಿ ಗೊತ್ತಾದ ದೊಡ್ಡ ಅನಿಲಕ್ಷೇತ್ರದ ಕಥೆ ಇನ್ನೊಂದು ಪಾಠ. 2009ರ ಏಪ್ರಿಲಿನಲ್ಲಿ ಅಲ್ಲಿಂದ ಅನಿಲ ಹರಿಯತೊಡಗಿದಾಗ ದೇಶದ ಇಂಧನದ ಚಿಂತೆ ಬಹುಮಟ್ಟಿಗೆ ತೀರಿತೆಂದು ಅನೇಕರು ಭಾವಿಸಿದರು. 2010ರಲ್ಲಿ ದಿನಕ್ಕೆ 6 ಕೋಟಿ ಘನಮೀಟರಿನಷ್ಟು ಅನಿಲ ಬಂದಿತು. ಅನಂತರ ಬಾವಿಗಳಿಗೆ ನೀರೂ ಮರಳೂ ನುಗ್ಗಿ ಇಳುವರಿ ಬೇಗ ಬೇಗ ಕುಸಿಯಿತು. ಆ ಕ್ಷೇತ್ರದ ಮೊದಲ ಎರಡು ಭಾಗಗಳು 2020ರ ಫೆಬ್ರವರಿಯಲ್ಲಿ ನಿಂತೇಹೋದವು. ಅದೇ ಪ್ರದೇಶದ ಬೇರೆ ಭಾಗಗಳಲ್ಲಿ ಮುಂದೆ ಉತ್ಪಾದನೆ ಆರಂಭವಾಯಿತೆಂಬುದು ನಿಜ. ಆದರೆ ಕಲ್ಲಿನ ರಂಧ್ರದಲ್ಲಿರುವುದನ್ನು ಕೆರೆಯ ನೀರಿನಂತೆ ಮೊಗೆಯಲಾಗದೆಂಬುದು ಅಲ್ಲಿ ಸ್ಪಷ್ಟವಾಯಿತು. ಎಣ್ಣೆಯ ಕ್ಷೇತ್ರಗಳಲ್ಲಿಯೂ ಸಾಮಾನ್ಯವಾಗಿ ಇರುವುದರಲ್ಲಿ ಮೂರನೆಯ ಒಂದು ಪಾಲು ಮಾತ್ರ ಕೈಗೆ ಬರುತ್ತದೆ. ಉಳಿದದ್ದು ಗಾಣದ ಹಿಂಡಿಯಲ್ಲಿ ಎಣ್ಣೆ ಉಳಿದಂತೆ ಕಲ್ಲಿಗೇ ಅಂಟಿಕೊಂಡಿರುತ್ತದೆ.

ಹಾಗಾದರೆ ನಮ್ಮ ರೊದ್ದಂನ ನೆಲದಲ್ಲಿ ಎಣ್ಣೆಯೇಕಿಲ್ಲ? ಮಕ್ಕಳು ಕೇಳುವ ಈ ಪ್ರಶ್ನೆಗೆ ಉತ್ತರ ಅವರ ಮನೆಯ ನೆಲದಲ್ಲಿಯೇ ಇದೆ. ಅಡಿಗೆಯ ಕಟ್ಟೆಗೆ ಹಾಸುವ ಕಡಪಾ ಕಲ್ಲನ್ನು ನೋಡಿರಿ. ಪುಸ್ತಕದ ಹಾಳೆಗಳಂತೆ ಪದರು ಪದರಾಗಿ ಏಳುತ್ತದೆ. ಅದು ನೀರಿನಡಿಯಲ್ಲಿ ಕೆಸರಾಗಿ ಕೂತ ಶಿಲೆ. ನಮ್ಮ ಬೆಟ್ಟಗಳ ಕಲ್ಲು ಹಾಗಲ್ಲ. ಅದು ಬೆಂಕಿಯಲ್ಲಿ ಕರಗಿ ಗಟ್ಟಿಯಾದದ್ದು, ಶಾಖ ಒತ್ತಡಗಳಲ್ಲಿ ಬೆಂದು ರೂಪ ಬದಲಿಸಿದ್ದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಜಾತಿಯ ನೈಸ್ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ರಾಮನಗರದಿಂದ ಪಾವಗಡದ ಮೇಲೆ ಬಳ್ಳಾರಿಯ ಕಡೆಗೆ ಹಬ್ಬಿರುವ ಗ್ರಾನೈಟಿನ ಪಟ್ಟಿಗೆ, ರಾಮನಗರದ ಹಳೆಯ ಹೆಸರಿನಿಂದ, ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲಿನಲ್ಲಿ ಎಣ್ಣೆಗೆ ಬೇಕಾದ ಜೀವರಾಶಿಯ ಕೆಸರೂ ಇಲ್ಲ, ಅದನ್ನು ಸೇರಿಸಿಕೊಳ್ಳುವ ರಂಧ್ರವೂ ಇಲ್ಲ. ನಮ್ಮ ನೆರೆಯ ರಾಮಗಿರಿ ಚಿನ್ನವನ್ನು ಕೊಟ್ಟಿತು. ಎಣ್ಣೆಯನ್ನು ಕೊಡುವ ಜಾತಿಯ ನೆಲ ಇದಲ್ಲ.

ಆಗಾಗ ಬೋರು ಹಾಕಿಸಿದ ಕಡೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಜಿಡ್ಡು ಕಂಡು ‘ಪೆಟ್ರೋಲು ಸಿಕ್ಕಿತು’ ಎಂಬ ಸುದ್ದಿ ಹಬ್ಬುವುದುಂಟು. ಒಂದು ಕಡ್ಡಿಯಿಂದ ಆ ಪೊರೆಯನ್ನು ಕದಲಿಸಿರಿ. ಹೆಂಚಿನ ಚೂರಿನಂತೆ ಒಡೆದು ಬೇರೆಬೇರೆಯಾಗಿ ನಿಂತರೆ ಅದು ಕಬ್ಬಿಣದಂಶವುಳ್ಳ ನೀರಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪೊರೆ. ಸುತ್ತಿ ಮತ್ತೆ ಕೂಡಿಕೊಂಡರೆ ಎಣ್ಣೆಯೇ ಸರಿ. ಆದರೆ ನಮ್ಮ ನೆಲದಲ್ಲಿ ಅದು ಕೊರೆಯುವ ಯಂತ್ರದಿಂದಲೋ ಮೋಟಾರಿನಿಂದಲೋ ಸೋರಿದ ಎಣ್ಣೆಯಾಗಿರುತ್ತದೆ.

ರಂಧ್ರವಿಲ್ಲದ ಕಲ್ಲು ಎಣ್ಣೆಗೆ ಸಂಬಂಧಪಟ್ಟಂತೆ ನಿಷ್ಪ್ರಯೋಜಕವೆಂದು ಮಾತ್ರ ತಿಳಿಯಬಾರದು. ತುರ್ತು ಕಾಲಕ್ಕೆಂದು ನಮ್ಮ ದೇಶ ಕಚ್ಚಾ ಎಣ್ಣೆಯನ್ನು ಸಂಗ್ರಹಿಸಿಟ್ಟಿರುವುದು ಇಂತಹ ಗಟ್ಟಿಬಂಡೆಯಲ್ಲಿಯೇ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಎಣ್ಣೆ ಹಿಡಿಯುವ ಗುಹೆಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ. ಬಹುಮಹಡಿಯ ಕಟ್ಟಡದಷ್ಟು ಎತ್ತರದ ಆ ಗುಹೆಗಳಿಗೆ ಒಳಗಡೆ ಉಕ್ಕಿನ ಹೊದಿಕೆಯಿಲ್ಲ. ಬಂಡೆಯ ಸಣ್ಣ ಬಿರುಕುಗಳಲ್ಲಿ ಎಣ್ಣೆ ಸೋರದಂತೆ ತಡೆಯುವುದು ಯಾವುದೆಂದರೆ, ನೀರು! ಗುಹೆಗಳ ಮೇಲ್ಭಾಗದ ಬಂಡೆಯಲ್ಲಿ ಸಾಲಾಗಿ ಕೊರೆದ ರಂಧ್ರಗಳಿಗೆ ನೀರುಣಿಸಿ, ಬಿರುಕುಗಳಲ್ಲಿ ನೀರಿನ ಒತ್ತಡ ಸದಾ ಎಣ್ಣೆಯ ಒತ್ತಡಕ್ಕಿಂತ ಮೇಲಾಗಿರುವಂತೆ ನೋಡಿಕೊಳ್ಳುತ್ತಾರೆ. ಎಣ್ಣೆ ಹೊರಕ್ಕೆ ಬಾರದು. ಸ್ವಲ್ಪ ನೀರು ಒಳಕ್ಕೆ ಜಿನುಗುತ್ತದೆ, ಅದನ್ನು ಪಂಪಿನಿಂದ ತೆಗೆಯುತ್ತಾರೆ. ಪ್ರಕೃತಿ ರಂಧ್ರದಲ್ಲಿ ಕೂಡಿಟ್ಟ ಎಣ್ಣೆಯನ್ನು ಮನುಷ್ಯ ರಂಧ್ರವಿಲ್ಲದ ಕಲ್ಲಿನಲ್ಲಿ ಕೂಡಿಡುತ್ತಾನೆ. ಅಲ್ಲಿಯ ಬಿರುಕಿನ ನೀರು ಬತ್ತದಂತೆ ಕಾಯಲು ಕಾವಲಿದೆ, ಲೆಕ್ಕವಿದೆ. ನಮ್ಮ ಹೊಲದಡಿಯ ಬಿರುಕಿನ ನೀರಿಗೆ ಎರಡೂ ಇಲ್ಲ.

ಈಗ ನಮ್ಮ ಬಾವಿಗೆ ಬರೋಣ. ನೆನೆಸಿದರೂ ತೂಕವೇರದ ಬೆಟ್ಟದ ಕಲ್ಲನ್ನು ವಾಚಕರು ಸ್ಮರಿಸಿಕೊಳ್ಳಲಿ. ನಮ್ಮ ನೆಲದಲ್ಲಿ ನೀರಿಗೆ ಎರಡೇ ಎಡೆ. ಮೇಲೆ, ಬಿಸಿಲು ಮಳೆಗಳಿಗೆ ಶಿಥಿಲವಾದ ಗರಸಿನ ಪದರ. ಅದು ಇಟ್ಟಿಗೆಯಂತೆ ನೀರು ಕುಡಿಯುತ್ತದೆ. ಅದರ ಕೆಳಗೆ ಗಟ್ಟಿಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಕೆಳಗಿಳಿದಂತೆ ಮೇಲಿನ ಭಾರಕ್ಕೆ ಈ ಬಿರುಕುಗಳು ವಿರಳವಾಗುತ್ತವೆ, ಬಿಗಿದುಕೊಳ್ಳುತ್ತವೆ. ಎಷ್ಟೋ ಆಳದಲ್ಲಿ ಒಂದು ಬಿರುಕು ಸಿಕ್ಕಿ ನೀರು ಚಿಮ್ಮಿದರೂ, ಆ ಬಿರುಕಿಗೆ ಮೇಲಿನಿಂದ ಇಳಿದುಬರುವ ನೀರಿಲ್ಲದಿದ್ದರೆ ಅದು ಕೆಲವೇ ತಿಂಗಳ ಸಂಭ್ರಮ. ಪದರಶಿಲೆಯಲ್ಲಿ ಆಳಕ್ಕಿಳಿದವನಿಗೆ ಹೊಸ ಪದರವೊಂದು ದೊರೆಯುವ ಸಾಧ್ಯತೆಯುಂಟು. ನಮ್ಮ ಬಂಡೆಯಲ್ಲಿ ಆಳಕ್ಕಿಳಿದವನಿಗೆ ಬಹುತೇಕ ದೊರೆಯುವುದು ಅದೇ ಬಂಡೆ.

ನಮ್ಮ ಶಾಲೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳ ತಂದೆ ಒಂದು ಸಂಜೆ ನಮ್ಮಲ್ಲಿಗೆ ಬಂದರು. ಹೊಲದಲ್ಲಿ ಬೋರಿನ ಲಾರಿ ನಿಂತಿತ್ತು.

“ಮೇಷ್ಟ್ರೇ, ಎಂಟುನೂರು ಅಡಿ ಹೋಯಿತು, ಬರೀ ಬಿಳಿ ಧೂಳು. ಇನ್ನೊಂದು ಇನ್ನೂರು ಅಡಿ ಬಿಡಿಸಿದರೆ ಗಂಗಮ್ಮ ಸಿಕ್ಕೇ ಸಿಗುತ್ತಾಳೆ ಅಂತಾರೆ. ಏನು ಮಾಡಲಿ?”

“ಹಾಗೆಂದವರು ಯಾರಪ್ಪಾ?”

“ಲಾರಿಯವರು.”

“ಅವರಿಗೆ ಕೂಲಿ ಯಾವ ಲೆಕ್ಕದಲ್ಲಿ?”

ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಡಿಯ ಲೆಕ್ಕದಲ್ಲಿ” ಎಂದರು. ಹಿಂದಿನ ಎರಡು ಬೋರುಗಳ ಸಾಲ ತೀರಿರಲಿಲ್ಲ. ಮೂರನೆಯದಕ್ಕೆ ಮಡದಿಯ ಸರವನ್ನು ಅಡವಿಟ್ಟಿದ್ದರು. ಇನ್ನೂರು ಅಡಿಗೆ ಉಳಿದಿದ್ದುದು ಮಗಳ ಓಲೆ. ನಾವು ಇಟ್ಟಿಗೆಯನ್ನೂ ಕಲ್ಲನ್ನೂ ಮುಂದಿಟ್ಟು ಮೇಲೆ ಬರೆದಿರುವುದನ್ನೇ ಹೇಳಿದೆವು. ಆತ ಹೋಗಿ ಲಾರಿಯನ್ನು ಕಳುಹಿಸಿಬಿಟ್ಟರು. ಆ ಹೊಲದಲ್ಲಿ ಅನಂತರ ನೀರು ಉಕ್ಕಿತೆಂದು ನಾವು ಬರೆಯಲಾರೆವು. ಪಕ್ಕದ ಹೊಲದವರೊಡನೆ ಕೂಡಿ ಹಳೆಯ ಬೋರೊಂದರ ಬಳಿ ಇಂಗುಗುಂಡಿ ತೋಡಿದರು. ಭತ್ತದ ಆಸೆ ಬಿಟ್ಟು ಮಳೆಗೆ ಬರುವ ಬೆಳೆಗಳನ್ನೇ ಹಿಡಿದರು. ಸಾಲ ಅಲ್ಲಿಗೆ ನಿಂತಿತು, ಹುಡುಗಿ ಹತ್ತನೆಯ ತರಗತಿಯನ್ನು ಮುಗಿಸಿದಳು.

ಎಣ್ಣೆಗೂ ನೀರಿಗೂ ಶಾಸ್ತ್ರ ಒಂದೇ ಎಂದೆವಷ್ಟೆ. ಒಂದು ಭೇದವಿದೆ, ಅದು ನಮ್ಮ ಪುಣ್ಯ. ಎಣ್ಣೆ ಹೂತಿಟ್ಟ ನಿಧಿ; ತೆಗೆದದ್ದು ಮನುಷ್ಯನ ಕಾಲಮಾನದಲ್ಲಿ ಮತ್ತೆ ತುಂಬದು. ನೀರು ವರ್ಷಾಶನ. ನಮ್ಮ ಸೀಮೆಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ; ಪಿನಾಕಿನಿಯ ಪಾತ್ರದಲ್ಲಿ ಬಹುಕಾಲ ಮರಳೇ ಕಾಣುತ್ತದೆ. ಆದರೂ ಆ ಅಲ್ಪ ಮಳೆಯಲ್ಲಿ ಒಂದು ಪಾಲು ಗರಸಿನ ಪದರಕ್ಕೆ ಇಳಿದರೆ ಬಾವಿಯ ಖಾತೆಗೆ ಜಮೆಯಾಗುತ್ತದೆ. ನಮ್ಮ ಹಿರಿಯರು ಹೊಳೆಗೂ ಹಳ್ಳಕ್ಕೂ ಅಡ್ಡಲಾಗಿ ಸಾಲುಗೆರೆಗಳನ್ನು ಕಟ್ಟಿದ್ದು ಈ ಜಮೆಗಾಗಿಯೇ. ಹೂಳು ತುಂಬಿದ ಕೆರೆ ಎಂದರೆ ಮುಚ್ಚಿಹೋದ ಖಾತೆ.

2002ರಲ್ಲಿ ಬಂದ ಆಂಧ್ರದ ನೀರು, ಭೂಮಿ, ವೃಕ್ಷಗಳ ಕಾಯಿದೆ, ಜನರ ಬಾಯಲ್ಲಿ ವಾಲ್ಟಾ, ಹೊಸ ಬೋರಿಗೆ ಅನುಮತಿ ಬೇಕೆನ್ನುತ್ತದೆ. ಅದೇ ದಶಕದಲ್ಲಿ ಅನಂತಪುರವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ರೈತರೇ ಮಳೆಯನ್ನೂ ಬಾವಿಯ ಮಟ್ಟವನ್ನೂ ಅಳೆದು, ಇರುವ ನೀರಿಗೆ ತಕ್ಕ ಬೆಳೆಯನ್ನು ತಾವೇ ಕೂತು ನಿರ್ಧರಿಸುವ ಯೋಜನೆಯೊಂದು ನಡೆಯಿತು. ಅಕ್ಷರ ಬಾರದ ಹೆಣ್ಣುಮಕ್ಕಳೂ ಮಾಡಬಹುದಾದಷ್ಟು ಸುಲಭದ ಕೆಲಸವದು. ಕಾನೂನು ಕಾಯುವುದಕ್ಕಿಂತ ಲೆಕ್ಕ ಕಾಯುವುದು ಹೆಚ್ಚು.

ಆದುದರಿಂದ ಈ ತಿಂಗಳು ಓದುವ ಮಕ್ಕಳಿಗೊಂದು ಕೆಲಸವನ್ನು ಕೊಡುತ್ತೇವೆ, ದೊಡ್ಡವರು ನೆರವಾಗಲಿ. ನಿಮ್ಮ ಮನೆಯ ಅಥವಾ ಊರಿನ ತೆರೆದ ಬಾವಿಯೊಂದನ್ನು ಆರಿಸಿಕೊಳ್ಳಿ. ಮೊಳಕ್ಕೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ಹಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಪ್ರತಿ ಹುಣ್ಣಿಮೆಯ ದಿನ ನೀರು ಎಷ್ಟು ಮೊಳ ಕೆಳಗಿದೆಯೆಂದು ನೋಡಿ ಗೋಡೆಯ ಕ್ಯಾಲೆಂಡರಿನ ಆ ದಿನದ ಮೇಲೆ ಬರೆದಿಡಿ. ಮಳೆ ಬಂದ ದಿನಗಳಿಗೂ ಒಂದು ಗುರುತು ಹಾಕಿರಿ. ಹನ್ನೆರಡು ಹುಣ್ಣಿಮೆಗಳಾದ ಮೇಲೆ ಆ ಕ್ಯಾಲೆಂಡರನ್ನು ಮನೆಯ ಯಜಮಾನರ ಮುಂದಿಡಿ. ಮುಂದಿನ ಬೋರನ್ನು ಹಾಕಿಸಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಬಂದಾಗ, ತೆಂಗಿನಕಾಯಿ ಹಿಡಿದು ಹೊಲದಲ್ಲಿ ಸುತ್ತುವವರಿಗಿಂತ ಮೊದಲು ಆ ಕ್ಯಾಲೆಂಡರನ್ನು ಕೇಳಲಿ.